ಕೆರೆ ಏರಿಗೆ ಕಲ್ಲು ಹಾಸಿದ ಆಷಾಢ

ಆಗೆಲ್ಲ ನಮ್ಮೂರ ಕೆರೆಯಲ್ಲೂ ಅಲೆ ಏಳುತ್ತದೆ ಅಂದರೆ ಹೊಳಲ್ಕೆರೆ ಶಾಲೆಯ ಗೆಳತಿಯರು ನಗುತ್ತಿದ್ದರು. ನಮ್ಮ ಮನೆ ಇದ್ದದ್ದು ಕೆರೆ ಏರಿಯ ಕೆಳಗೇ. ಆ ವರ್ಷ ಕೆರೆ ಬೇಗ ತುಂಬಿತು, ಹಿಂದೆಯೇ ಆಷಾಢದ ಗಾಳಿ ಬಂತು. ಮುದ್ದೆ ಉಣ್ಣುತ್ತ ಕೂತರೂ ಏರಿಯಾಚೆ ನೀರು ಬಡಿಯುವ ಸದ್ದು ಕೇಳುತ್ತಿತ್ತು.

ಒಂದು ಬೆಳಿಗ್ಗೆ ಅಪ್ಪನ ಜೊತೆ ಏರಿ ಹತ್ತಿದೆ. ನೀರಿನ ಕಡೆಯ ಮಣ್ಣು ಕಚ್ಚಿ ತಿಂದ ಹಾಗೆ ಕೊರೆದುಹೋಗಿತ್ತು. ಅಪ್ಪ ತಿರುಗಿ, ಕೆಳಗಿದ್ದ ನಮ್ಮ ಹೆಂಚಿನ ಮನೆಯನ್ನೇ ನೋಡುತ್ತ ನಿಂತ.

ಅದೇ ವಾರ ಅಪ್ಪನ ತಂಗಿ ರತ್ನತ್ತೆ ಬಂದಳು. ಅವಳೂ ಮಾವನೂ ಮಂಗಳೂರು ಕಡೆ ಕಡಲ್ಕೊರೆತ ತಡೆಯಲು ಕಲ್ಲು ಹಾಕುವ ಕೆಲಸಕ್ಕಿದ್ದರು. ಮಳೆಗಾಲಕ್ಕೆ ಕೆಲಸ ನಿಂತರೆ ಅತ್ತೆ ಊರಿಗೆ. ಅವಳ ಚೀಲ ಬಿಚ್ಚಿದರೆ ಒಣಮೀನಿನ ವಾಸನೆ.

"ಏರಿಗೆ ನೆಟ್ಟಗೆ ಗ್ವಾಡೆ ಎಬ್ಬಿಸಿಬಿಡಾಣ" ಅಂದ ಅಜ್ಜ.

"ಬ್ಯಾಡಪ್ಪಾ. ನೆಟ್ಟಗಿದ್ರೆ ಅಲೆ ಬಡಿದು ಬುಡಾನೇ ಕೊರೀತೈತೆ" ಅಂದಳು ಅತ್ತೆ.

"ಅದೆಂಗತ್ತೆ?" ಅಂತ ನಾನು ಗಂಟುಬಿದ್ದೆ.

ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ ಅತ್ತೆ ಮಣ್ಣಿನ ಪುಟ್ಟ ಏರಿ ಕಟ್ಟಿದಳು. ಒಂದು ಕಡೆ ಹೆಂಚಿನ ಚೂರುಗಳನ್ನು ನೆಟ್ಟಗೆ ನಿಲ್ಲಿಸಿದಳು, ಇನ್ನೊಂದು ಕಡೆ ಇಳಿಜಾರಾಗಿ ಕಲ್ಲು ಹಾಸಿದಳು. ನಾನು ಹಲಗೆಯಿಂದ ನೀರು ತಳ್ಳಿದೆ. ಹೆಂಚುಗಳ ಬುಡ ಕರಗಿ ಅವು ಮಗುಚಿಬಿದ್ದವು. ಇಳಿಜಾರಿನ ಮೇಲೆ ಅಲೆ ಓಡಿ ಹತ್ತಿ, ದಣಿದು ಇಳಿಯಿತು. ಆದರೆ ಕಲ್ಲಿನ ಸಂದಿಯಿಂದ ಕೆಂಪು ನೀರು!

"ನೋಡಿದೇನೇ, ಮಣ್ಣು ಕದ್ದು ಹೋಗ್ತೈತೆ. ಅದಕ್ಕೇ ಅಡೀಗೆ ಜಲ್ಲಿ ಬೇಕು" ಅಂದಳು ಅತ್ತೆ. ಜಲ್ಲಿ ಹರಡಿ ಮತ್ತೆ ಕಲ್ಲು ಹಾಸಿದಾಗ ಬಾನಿಯ ನೀರು ತಿಳಿಯಾಗಿಯೇ ಉಳಿಯಿತು. ಅಜ್ಜ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಇನ್ನೊಂದ್ಸಲ ಜೋರಾಗಿ ತಳ್ಳೇ" ಅಂದ.

ಮರುದಿನದಿಂದ ಊರೆಲ್ಲ ಏರಿಯ ಮೇಲೆ. ಟ್ರ್ಯಾಕ್ಟರು ಗುಡ್ಡದ ಕಲ್ಲು ತರುತ್ತಿತ್ತು, ಹೆಂಗಸರು ಜಲ್ಲಿಯ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಮಗೆ ಮಕ್ಕಳಿಗೆ ಮಂಡಕ್ಕಿ, ಮೆಣಸಿನಕಾಯಿ ಹಂಚುವ ಕೆಲಸ. ಒಂದು ಮಧ್ಯಾಹ್ನ ಅಪ್ಪ ನಿಂತ ಜಾಗದ ಪಕ್ಕದಲ್ಲೇ ಆಳುದ್ದದ ಮಣ್ಣು ಧೊಪ್ಪೆಂದು ನೀರಿಗೆ ಕುಸಿಯಿತು.

"ಹಿಂದಕ್ಕೆ ಬಾರಣ್ಣಾ! ಚೀಲಕ್ಕೆ ಮಣ್ಣು ತುಂಬ್ರಿ, ಬೇಗ ಕೊಡ್ರಿ!" ಅತ್ತೆ ಕೂಗಿದಳು. ರಾಗಿ ಚೀಲ, ಗೊಬ್ಬರದ ಚೀಲ, ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿ ಆ ಬಾಯಿಗೆ ಒತ್ತಿದರು. ನನ್ನ ಕೈಯಲ್ಲಿದ್ದ ಮಂಡಕ್ಕಿ ಗಾಳಿಗೆ ಹಾರಿಹೋದದ್ದು ಗೊತ್ತೇ ಆಗಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಅದರ ಮೇಲೂ ಕಲ್ಲು ಕೂತಿತು. ಏರಿ ನಿಂತಿತು.

ಆಮೇಲೆ ಎಷ್ಟೋ ದಿನ ಶಾಲೆ ಬಿಟ್ಟೊಡನೆ ಅಲ್ಲಿ ಹೋಗಿ ಕೂರುತ್ತಿದ್ದೆ. ಪ್ರತಿ ಅಲೆಯೂ ಎಲ್ಲಿಯವರೆಗೆ ಹತ್ತುತ್ತದೆ ಎಂದು ನೋಡುವುದೇ ಒಂದು ಆಟವಾಗಿತ್ತು.

ಅತ್ತೆ ಈಗಿಲ್ಲ. ಅವಳಿದ್ದ ಕಡಲ ದಂಡೆಯನ್ನು ನಾನು ನೋಡಿದ್ದು ಹೋದ ವರ್ಷ. ಅವಳು ಹಾಕಿದ ಕಲ್ಲುಗಳ ಸಾಲು ಹಾಗೇ ಇತ್ತು, ಅದರ ಹಿಂದೆ ಮನೆಗಳೂ ಇದ್ದವು. ಅತ್ತೆಯ ಪಕ್ಕದ ಮನೆಯಲ್ಲಿದ್ದ ಮುದುಕಿ ನನ್ನನ್ನು ಕಲ್ಲಿನ ಹತ್ತಿರ ಕರೆದೊಯ್ದಳು.

"ಮನೆ ಉಳಿಯಿತು ಮಾರಾಯ್ತಿ. ಕಲ್ಲಿನ ಮುಂದಿನ ಮರಳು ಮಾತ್ರ ಎಲ್ಲ ಹೋಯಿತು" ಅಂದಳು.

"ಅತ್ತೆ ಸಂಜೆ ಎಲ್ಲಿ ಕೂರ್ತಿದ್ದಳು?" ಎಂದು ಕೇಳಿದೆ.

ಮುದುಕಿ ಬೆರಳು ತೋರಿಸಿದಳು. ಅಲ್ಲಿ ನೀರಿತ್ತು.