ಸಂಗೀತದ ಕೋಣೆಗೆ ಅರಗಿನ ಮುದ್ರೆ

ದಮನ್‌ಹೂರ್ ಪಟ್ಟಣದ ಆ ಸರ್ಕಾರಿ ಪ್ರಾಥಮಿಕ ಶಾಲೆಗೆ ಸಂಗೀತದ ಮಿಸ್ ಅಂತ ಇದ್ದವಳು ಇನ್ಶಿರಾಹ್ ಒಬ್ಬಳೇ. ರಜೆ ಮುಗಿಯುತ್ತ ಬಂದಾಗ ಉಳಿದ ಟೀಚರುಗಳು ಹೊಸ ಪೆನ್ನು, ಹೊಸ ಚಪ್ಪಲಿ ಅಂತ ಅಂಗಡಿ ಸುತ್ತುತ್ತಿದ್ದರೆ, ಇವಳು ಹಳೇ ಬಟ್ಟೆ, ಸೂಜಿ ದಾರ, ಎಣ್ಣೆ ಬಾಟಲಿ ಚೀಲಕ್ಕೆ ತುರುಕಿಕೊಂಡು ಶಾಲೆಗೆ ಓಡಬೇಕು. ಅಕಾರ್ಡಿಯನ್ನಿನ ಪಟ್ಟಿ ಹೊಲಿಯಬೇಕು, ಡೋಲಿನ ಚರ್ಮ ಬಿಸಿಲಿಗೆ ಕಾಯಿಸಬೇಕು, ಕಂಜಿರಗಳ ಗೆಜ್ಜೆ ಬಿಗಿಮಾಡಬೇಕು. ಮೊದಲ ದಿನ ಬೆಳಗ್ಗೆ ಧ್ವಜ ಏರುವಾಗ ಇದೆಲ್ಲ ಒಟ್ಟಿಗೆ ನುಡಿಯಬೇಕಲ್ಲ! ನುಡಿಯದಿದ್ದರೆ ಬೈಸಿಕೊಳ್ಳುವವಳು ಇವಳು, ನುಡಿದರೆ ಹೊಗಳಿಸಿಕೊಳ್ಳುವವರು ಹೆಡ್‌ಮಿಸ್.

ಈ ಸೆಪ್ಟೆಂಬರಿನಲ್ಲಿ ಬಂದು ನೋಡುತ್ತಾಳೆ, ಸಂಗೀತದ ಕೋಣೆಯ ಬಾಗಿಲಿಗೆ ದಾರ ಸುತ್ತಿ ಕೆಂಪು ಅರಗಿನ ಮುದ್ರೆ ಒತ್ತಿದ್ದಾರೆ. ಜವಾನ ಹಾಜಿ ಬರಕಾತ್ ಪಕ್ಕದ ಮೆಟ್ಟಿಲ ಮೇಲೆ ಕೂತು ಚಹಾ ಹೀರುತ್ತಿದ್ದ.

"ಏನು ಹಾಜಿ ಇದು?"

"ಮೇ ತಿಂಗಳಲ್ಲಿ ಪರೀಕ್ಷೆ ಪೇಪರ್ ಇಲ್ಲೇ ಇಟ್ಟಿದ್ರಲ್ಲ ಮಿಸ್. ಕಮಿಟಿಯೋರು ಸೀಲ್ ಹಾಕಿದಾರೆ."

"ಪರೀಕ್ಷೆ ಮುಗಿದು ಯಾವ ಕಾಲ ಆಯ್ತು! ತೆಗೀರಿ."

"ಹಾಕಿದೋರೇ ತೆಗೀಬೇಕು. ಅದು ಕಾನೂನು. ಹಾಕಿದ್ದು ಅಜ್ಮಿ ಮೇಷ್ಟ್ರು. ಅವರು ಕೆಲಸ ಸಿಕ್ತು ಅಂತ ಕುವೈತಿಗೆ ಹೋದ್ರು. ಮುದ್ರೆನೂ ಜೇಬಲ್ಲೇ ಹೋಗಿರಬೇಕು, ಪಾಪ."

"ಪಾಪ ಯಾರಿಗೆ? ಅವರಿಗಾ, ನನಗಾ?"

ಹಾಜಿ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡ.

ಹೆಡ್‌ಮಿಸ್ ಇಬ್ತಿಸಾಮ್ ಹತ್ತಿರ ಹೋದರೆ ಅಲ್ಲಿ ಇನ್ನೊಂದು ತಾಪತ್ರಯ ಕಾದಿತ್ತು. "ನೋಡಮ್ಮ, ಲೆಕ್ಕಕ್ಕೆ ಪೀರಿಯಡ್ ಸಾಲ್ತಿಲ್ಲ. ಮೊದಲ ದಿನಾನೇ ಇನ್ಸ್‌ಪೆಕ್ಟರ್ ಬರ್ತಾರೆ. ಅವರ ಮುಂದೆ ಸಂಗೀತ ಇಲ್ಲ ಅಂದ್ರೆ ನಿನ್ನ ಪೀರಿಯಡ್ಡೆಲ್ಲ ಲೆಕ್ಕಕ್ಕೆ ಕೊಟ್ಬಿಡ್ತೀನಿ. ನೀನು ಲೈಬ್ರರಿ ನೋಡ್ಕೋ."

ಆ ಶಾಲೆಯಲ್ಲಿ ಲೈಬ್ರರಿಯೇ ಇರಲಿಲ್ಲ.

ಇನ್ಶಿರಾಹ್‌ಗೆ ಮೈ ಪರಚಿಕೊಳ್ಳುವಂತಾಯಿತು. ಒಂದೊಂದು ತರಗತಿಗೆ ವಾರಕ್ಕೆ ಒಂದೇ ಪೀರಿಯಡ್, ಅದರಲ್ಲೂ ಅರ್ಧ ಗಲಾಟೆ ಅಡಗಿಸುವುದರಲ್ಲೇ ಹೋಗುತ್ತದೆ. ಆದರೂ ಆ ಒಂದು ಪೀರಿಯಡ್ಡಿಗೆ ಮಕ್ಕಳು ಓಡಿಕೊಂಡು ಬರುತ್ತವೆ. ಲೆಕ್ಕಕ್ಕೆ ಯಾವ ಮಗು ಓಡಿ ಬಂದಿದೆ ಹೇಳಿ! ಅದೊಂದೂ ಹೋದರೆ ಅವಳಿಗೆ ಉಳಿಯುವುದೇನು, ಮಣ್ಣು?

ಜಿಲ್ಲಾ ಕಚೇರಿಗೆ ಹೋದಳು. ಪರೀಕ್ಷೆ ವಿಭಾಗದವರು ಕಟ್ಟಡ ವಿಭಾಗಕ್ಕೆ ಕಳಿಸಿದರು, ಅವರು ಕಾನೂನು ವಿಭಾಗಕ್ಕೆ ಕಳಿಸಿದರು. ಕಾನೂನು ವಿಭಾಗದವರು ಊಟಕ್ಕೆ ಹೋಗಿದ್ದವರು ಬರಲೇ ಇಲ್ಲ. ತಲೆ ಚಿಟ್ಟು ಹಿಡಿದು ಮನೆಗೆ ಬಂದರೆ ಅಕ್ಕ ಬೇರೆ ತರಾಟೆಗೆ ತೆಗೆದುಕೊಂಡಳು: "ಡೋಲು ಬಡಿಯೋಕೆ ಸಂಬಳ ಕೊಡೋದೇ ಹೆಚ್ಚು. ನಿಂಗೆ ಕೋಣೆ ಬೇರೆ ಬೇಕಾ?"

"ನೀನು ಸುಮ್ನಿರು. ಆ ತುಪ್ಪದ ಡಬ್ಬ ಖಾಲಿ ಆಯ್ತಾ?"

"ಯಾಕೆ?"

"ಏನೋ ಕೆಲಸ ಇದೆ. ಕೊಡು."

ಅಕ್ಕನ ಡಬ್ಬ, ಅತ್ತಿಗೆಯ ಪಾತ್ರೆಯ ಮುಚ್ಚಳ, ಬೇಯಿಸಿದ ಫೂಲ್ ಕಾಳು ಮಾರುವವನು ಬಿಸಾಡುತ್ತಿದ್ದ ಹಳೇ ಸೌಟು, ಒಂದನ್ನೂ ಬಿಡಲಿಲ್ಲ. ಹತ್ತಿರದ ಓಣಿಯ ಐದನೇ ತರಗತಿ ಮಕ್ಕಳನ್ನು ಮಹಡಿಯ ಮೇಲೆ ಸೇರಿಸಿ, ಪಾರಿವಾಳದ ಗೂಡುಗಳ ಪಕ್ಕ ನಿಲ್ಲಿಸಿ, ಗಂಟಲು ಹರಿದುಹೋಗುವಷ್ಟು ಕೂಗಾಡಿ ತಾಳ ಕೂರಿಸಿದಳು.

ಮೊದಲ ದಿನ ಬಂತು. ಧ್ವಜ ಏರಿತು. ಡಬ್ಬ ಮುಚ್ಚಳ ಸೌಟು ಎಲ್ಲ ಒಂದೇ ಪೆಟ್ಟಿಗೆ ಎದ್ದವು, ಅದರ ಮೇಲೆ ಮಕ್ಕಳ ದನಿ ಹತ್ತಿತು. ಒಂದು ಪೆಟ್ಟೂ ತಪ್ಪಲಿಲ್ಲ. ಇನ್ಸ್‌ಪೆಕ್ಟರು ಚಪ್ಪಾಳೆ ತಟ್ಟಿ, "ಈ ಶಾಲೇಲಿ ಸಂಗೀತದ ಪೀರಿಯಡ್ ಯಾರೂ ಮುಟ್ಟಬೇಡಿ" ಅಂದರು. ಇನ್ಶಿರಾಹ್‌ಗೆ ಕಣ್ಣು ತುಂಬಿ ಬಂತು. ಸಾಕು, ಗೆದ್ದೆ ಅಂದುಕೊಂಡಳು.

ಅವರ ಕಾರು ಗೇಟು ದಾಟಿತೋ ಇಲ್ಲವೋ, ಇಬ್ತಿಸಾಮ್ ಬಂದು ಹೆಗಲ ಮೇಲೆ ಕೈ ಹಾಕಿದರು. "ಭೇಷ್! ನಿಂಗೆ ವಾದ್ಯ ಬೇಕಾಗೇ ಇಲ್ಲ ನೋಡು. ಆ ಕೋಣೆ ಇನ್ಮೇಲೆ ಪರೀಕ್ಷೆಗೇ ಇರಲಿ. ಇನ್ಸ್‌ಪೆಕ್ಟರಿಗೂ ಹೇಳಿಬಿಟ್ಟೆ."

ಸಿಟ್ಟು ನೆತ್ತಿಗೇರಿತು. ಇನ್ಶಿರಾಹ್ ಸೀದಾ ಸಂಗೀತದ ಕೋಣೆಯ ಬಾಗಿಲಿಗೆ ಹೋದಳು. ತಲೆವಸ್ತ್ರಕ್ಕೆ ಚುಚ್ಚಿದ್ದ ಪಿನ್ನು ಕಿತ್ತು ಅರಗಿಗೆ ಹಾಕಿ ಮೀಟಿ ಒಡೆದಳು.

"ಅಯ್ಯೋ ಮಿಸ್! ಜೈಲಿಗೆ ಹಾಕ್ತಾರೆ!"

"ಬೀಗದ ಕೈ ಕೊಡಿ ಹಾಜಿ."

ಹಾಜಿ ಕೊಟ್ಟು ಗೋಡೆಯ ಕಡೆ ತಿರುಗಿದ. "ನಾನೇನೂ ನೋಡಿಲ್ಲಪ್ಪ."

ಒಳಗೆ ಧೂಳು, ಡೋಲು, ಕಂಜಿರ, ಮೂಲೆಯಲ್ಲಿ ಅಕಾರ್ಡಿಯನ್. ಪರೀಕ್ಷೆ ಪೇಪರ್ ಅನ್ನುವುದು ಒಂದು ಚೂರೂ ಇರಲಿಲ್ಲ.

"ಪೇಪರೆಲ್ಲಿ ಹಾಜಿ?"

"ಜುಲೈನಲ್ಲೇ ಲಾರಿಗೆ ಹಾಕಿ ಕಳಿಸಿದ್ವಲ್ಲ. ನಾನೇ ಹೊತ್ತೆ."

"ಮತ್ತೆ ಈ ಸೀಲು?"

"ಖಾಲಿ ಮಾಡಿ ಮತ್ತೆ ಹಾಕಿದ್ರು. ಬಾಗಿಲು ಮುಚ್ಚಿದ ಮೇಲೆ ಸೀಲ್ ಹಾಕದೆ ಬಿಡೋಕಾಗತ್ತಾ ಮಿಸ್?"

ಇನ್ಶಿರಾಹ್ ನಗಬೇಕೋ ಅಳಬೇಕೋ ತಿಳಿಯದೆ ಅಕಾರ್ಡಿಯನ್ ಎತ್ತಿ ಹೆಗಲಿಗೆ ಹಾಕಿಕೊಂಡಳು. ಬೇಸಿಗೆಯ ಸೆಕೆಗೆ ಅಂಟಿಕೊಂಡಿದ್ದ ತಿದಿ ಬಿಡಿಸಿ ಎಳೆದಾಗ ಅದು ಮೊದಲು ಕೆಮ್ಮಿತು, ಆಮೇಲೆ ದನಿ ಬಿಟ್ಟಿತು. ಕಾರಿಡಾರಿನ ಆ ತುದಿಯಿಂದ ಮೂರನೇ ತರಗತಿಯ ಮಕ್ಕಳು ಓಡಿ ಬರತೊಡಗಿದರು.

ಅವರ ಹಿಂದೆಯೇ ಇಬ್ತಿಸಾಮ್ ಏದುಸಿರು ಬಿಡುತ್ತ ಬಂದರು. "ಯಾರು ಒಡೆದಿದ್ದು ಇದನ್ನ?"

"ನಾನೇ. ವಿಚಾರಣೆ ಮಾಡಿಸಿ ಮೇಡಂ, ಬರ್ತೀನಿ," ಅಂದಳು ಇನ್ಶಿರಾಹ್, ಮಕ್ಕಳಿಗೆ ದಾರಿ ಬಿಡುತ್ತ. "ಆದ್ರೆ ಗಂಟೆ ಹೊಡೆದ ಮೇಲೆ. ಈಗ ನಂಗೆ ಕ್ಲಾಸಿದೆ."