ಡಬಲ್ ಕೂತರೆ ಬರುವ ಸದ್ದು

ನಾನೂ ಆ ಮೋಟಾರ್ ಸೈಕಲ್ಲೂ ಚಳ್ಳಕೆರೆಯ ಮನೆಗೆ ಒಂದೇ ವಾರದಲ್ಲಿ ಬಂದೆವು. ನಾನು ಮೊಳಕಾಲ್ಮುರು ಪಕ್ಕದ ಸಿದ್ದಾಪುರದಿಂದ, ಅದು ಚಿತ್ರದುರ್ಗದ ಷೋರೂಮಿನಿಂದ. ಎರಡರ ಖರ್ಚೂ ನಮ್ಮಪ್ಪನದೇ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆ ಮಾತುಕತೆ ಹೀಗೇ ನಡೆಯುತ್ತಿತ್ತು: ಹುಡುಗ ಶೇಂಗಾ ಮಂಡಿಯಲ್ಲಿ ಕೆಲಸಕ್ಕಿದ್ದಾನೆ, ಓಡಾಡಲು ಒಂದು ಗಾಡಿ ಇದ್ದರೆ ಅನುಕೂಲ, ನಾವೇನೂ ಕೇಳುತ್ತಿಲ್ಲ. ಯಾರೂ ಕೇಳದೆ ಬಂದ ಆ ಗಾಡಿಗೆ ಅತ್ತೆಯವರು ಬಾಗಿಲಲ್ಲಿ ಆರತಿ ಎತ್ತಿದರು. ನನಗೂ ಎತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಗಾಡಿಗೆ ಎತ್ತುವಾಗ ಅವರ ಮುಖದಲ್ಲಿ ಕಂಡ ಕಳೆ ನನಗೆ ಎತ್ತುವಾಗ ಕಂಡಿರಲಿಲ್ಲ.

ಒಂದೇ ಸಿಲಿಂಡರಿನ, ಕಪ್ಪು ಬಣ್ಣದ ಸಾದಾ ಗಾಡಿ. ಕಂಪನಿಯವರು ಹೇಗೆ ಕೊಟ್ಟರೋ ಹಾಗೇ ಇರಬೇಕೆಂಬುದು ನಮ್ಮ ಯಜಮಾನರ ವ್ರತ. ಬೀದಿಯಲ್ಲಿ ಗಾಡಿ ಕೊಂಡವರೆಲ್ಲ ಮರುದಿನವೇ ಅದಕ್ಕೆ ಹಾಡುವ ಹಾರ್ನು, ಮಿಣುಕುವ ಲೈಟು, ಹ್ಯಾಂಡಲ್ಲಿಗೆ ಬಣ್ಣದ ಕುಚ್ಚು ಹಾಕಿಸಿ ಮದುಮಗನಂತೆ ಮೆರೆಸುತ್ತಿದ್ದರು. ಇವರು ಒಂದು ಸ್ಟಿಕ್ಕರ್ ಕೂಡ ಅಂಟಿಸಲಿಲ್ಲ. ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಒಂದು ಹಿಡಿಕೆಯನ್ನಾದರೂ ಹಾಕಿಸಿ ಎಂದು ನಾನು ಕೇಳಿದ್ದಕ್ಕೆ, ತಮ್ಮ ಬೆನ್ನನ್ನೇ ಕೊರೆಯಲು ಹೊರಟವಳನ್ನು ನೋಡುವ ಹಾಗೆ ನೋಡಿದರು.

"ಅದಕ್ಕೆ ತೂತು ಹೊಡೀಬೇಕು. ಕಂಪನಿಯೋರೇನು ದಡ್ಡರಾ? ಬೇಕಿದ್ರೆ ಅವ್ರೇ ಕೊಡ್ತಿದ್ರು."

ಇವರ ಸೊಂಟ ಹಿಡಿದುಕೊಂಡರೆ ಬೀದಿ ನೋಡುತ್ತದೆ. ಹಾಗಾಗಿ ನಾನು ಸೀಟಿನ ಪಟ್ಟಿಯನ್ನೇ ಗಟ್ಟಿಯಾಗಿ ಹಿಡಿದು, ಒಂದೇ ಕಡೆ ಕಾಲು ಇಳಿಬಿಟ್ಟು, ಗುಂಡಿ ಬಂದಾಗಲೆಲ್ಲ ದೇವರನ್ನು ನೆನೆಯುತ್ತ ವರ್ಷಗಟ್ಟಲೆ ಓಡಾಡಿದೆ.

ಆ ಗಾಡಿಗೆ ಸಿಕ್ಕ ಆರೈಕೆ ನಮ್ಮ ಬೀದಿಯಲ್ಲಿ ಯಾವ ಬಾಣಂತಿಗೂ ಸಿಕ್ಕಿರಲಿಲ್ಲ. ಭಾನುವಾರ ಬೆಳಿಗ್ಗೆ ಇವರು ಚಡ್ಡಿ ಬನೀನಿನಲ್ಲಿ ಹಿತ್ತಲಿಗಿಳಿದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಚೈನಿಗೆ ಎಣ್ಣೆ, ಪ್ಲಗ್ಗಿಗೆ ಉಪ್ಪುಕಾಗದ, ಟ್ಯಾಂಕಿಗೆ ಮಗಳ ಹಳೆಯ ಮೆತ್ತನೆ ಬಟ್ಟೆ. ಎಲ್ಲಕ್ಕಿಂತ ದೊಡ್ಡ ಪೂಜೆ ಏರ್ ಫಿಲ್ಟರಿನದು. ನಮ್ಮ ಮನೆ ಇದ್ದದ್ದು ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ. ಶೇಂಗಾ ಸುಗ್ಗಿ ಶುರುವಾಯಿತೆಂದರೆ ಹೊಟ್ಟಿನ ಧೂಳು ಕಿಟಕಿಯಲ್ಲಿ, ಹಾಸಿಗೆಯಲ್ಲಿ, ಕಲಸಿಟ್ಟ ಹಿಟ್ಟಿನಲ್ಲಿ.

"ಈ ಧೂಳು ಇಂಜಿನ್ ಎದಿಗೆ ಹೋದ್ರೆ ಮುಗೀತು. ಅದಕ್ಕೂ ಉಸಿರಾಡಕೆ ಕ್ಲೀನ್ ಗಾಳಿ ಬೇಕು ಕಣೇ," ಎಂದು ನನಗೆ ಪಾಠ ಹೇಳುತ್ತ, ಫಿಲ್ಟರಿನ ಸ್ಪಂಜನ್ನು ಹೊರತೆಗೆದು ಅಡುಗೆಮನೆಯ ಬಾಗಿಲಿಗೇ ಬಡಿಯುತ್ತಿದ್ದರು. ವಾರವಿಡೀ ಗಾಡಿ ಕುಡಿದ ಧೂಳೆಲ್ಲ ಒಳಗೆ ಬರುತ್ತಿತ್ತು. ಒಳಗೆ ನಾನು ಹೊಟ್ಟಿನ ಒಲೆ ಊದುತ್ತ ಕೂತಿರುತ್ತಿದ್ದೆ. ಆಮೇಲೆ ಸ್ಪಂಜನ್ನು ಸೀಮೆಎಣ್ಣೆಯಲ್ಲಿ ಅದ್ದಿ, ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಿಂಡಿ, ನೆರಳಿನಲ್ಲಿ ಒಣಗಿಸುತ್ತಿದ್ದರು. ಬಿಸಿಲಿಗೆ ಹಾಕಿದರೆ ಅದು ಬಾಡುತ್ತದಂತೆ.

ನನ್ನ ಎದೆ ಕಟ್ಟಲು ಶುರುವಾದದ್ದು ಆ ಮನೆಯಲ್ಲೇ. ನೀರಿನ ಕೊಡ ಹೊತ್ತರೆ ದಮ್ಮು, ಎರಡು ಮಾತು ಜೋರಾಗಿ ಆಡಿದರೆ ದಮ್ಮು. ಜೊತೆಗೆ ಎದೆಯೊಳಗಿಂದ ಕುಂಯ್ ಎನ್ನುವ ಸಣ್ಣ ಸದ್ದು. ಊರಿನ ಡಾಕ್ಟರು ಗುಳಿಗೆ ಕೊಟ್ಟು, ದುರ್ಗಕ್ಕೆ ಹೋಗಿ ಎದೆಯ ಡಾಕ್ಟರಿಗೆ ತೋರಿಸಲೇಬೇಕು ಎಂದಿದ್ದರು. ನನಗೆ ಬೇಕಿದ್ದದ್ದು ಅದೊಂದೇ. ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ, ಒಂದು ದಿನ ದುರ್ಗಕ್ಕೆ ಕರೆದುಕೊಂಡು ಹೋಗಿ ಎಂದೆ.

"ಆಯಿಲ್ ಬದಲಾಯಿಸ್ಬೇಕು. ಹಳೇ ಆಯಿಲ್‌ನಾಗೆ ಅಷ್ಟು ದೂರ ಓಡಿಸ್ಬಾರ್ದು," ಎಂದರು.

ಆಯಿಲ್ ಬದಲಾಯಿತು. ಮತ್ತೆ ಕೇಳಿದೆ.

"ಹೊಸಾ ಆಯಿಲ್ಲು, ಸ್ವಲ್ಪ ಸೆಟ್ ಆಗ್ಲಿ. ಅಲ್ಲೀತನಕ ಬಿಸಿನೀರು ಕುಡಿ."

ಬಸ್ಸಿಗೇನೂ ಬರವಿರಲಿಲ್ಲ. ಆದರೆ ಮನೆಯಲ್ಲಿ ಗಾಡಿ ಇಟ್ಟುಕೊಂಡು ಹೆಂಡತಿಯನ್ನು ಬಸ್ಸಿಗೆ ಕಳಿಸಿದರೆ ಜನ ಏನಂದುಕೊಂಡಾರು ಎಂಬ ಚಿಂತೆ ಇವರಿಗೆ. ಜನ ಅಂದುಕೊಳ್ಳುವುದಕ್ಕೆ ಹೆದರಿ ನಾನು ಬಿಸಿನೀರು ಕುಡಿದೆ.

ನನ್ನ ತವರಿನ ಹೋಳಿಗೆಗೆ ಮಾತ್ರ ಯಾವ ಆಯಿಲ್ಲೂ ಅಡ್ಡ ಬರುತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದಾಗ, ಒಂದು ಹಬ್ಬಕ್ಕೆ ನಾವಿಬ್ಬರೇ ಸಿದ್ದಾಪುರಕ್ಕೆ ಹೊರಟೆವು. ಮೊಳಕಾಲ್ಮುರು ಕಡೆಯ ಬಂಡೆಗುಡ್ಡಗಳ ನಡುವೆ ರಸ್ತೆ ಇಳಿಯುವಲ್ಲಿ ಇವರು ಇಂಜಿನ್ ಆಫ್ ಮಾಡಿದರು. ನಮ್ಮ ಕಡೆ ಗಾಡಿ ಇಟ್ಟವರೆಲ್ಲ ಮಾಡುವುದು ಹಾಗೇ. ಇಳಿಜಾರಿನಲ್ಲಿ ಪೆಟ್ರೋಲು ಸುಡುವವನು ಮನೆ ಉಳಿಸುವವನಲ್ಲ ಎಂದು ಅವರ ನಂಬಿಕೆ. ಗಾಡಿ ತನ್ನಷ್ಟಕ್ಕೆ ಉರುಳುತ್ತಿತ್ತು. ಬರೀ ಗಾಳಿಯ ಸದ್ದು. ಆಗ ಇವರ ಕಿವಿಗೆ ಬಿತ್ತು, ಹಿಂದಿನಿಂದ, ಸಣ್ಣಗೆ: ಕುಂಯ್, ಕುಂಯ್.

ಥಟ್ಟನೆ ನಿಲ್ಲಿಸಿದರು. ಹಿಂದಿನ ಚಕ್ರದ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, ಕಿವಿಗೊಟ್ಟರು.

ಅದು ನನ್ನ ಎದೆಯ ಸದ್ದೆಂದು ನನಗೆ ಕೂಡಲೇ ಗೊತ್ತಾಯಿತು. ಹೇಳಬಹುದಿತ್ತು. ಹೇಳಲಿಲ್ಲ. ಎದೆ ಕಟ್ಟುತ್ತಿದೆ ಎಂದು ಬಾಯಿಬಿಟ್ಟು ಹೇಳಿದಾಗ ಬಿಸಿನೀರಿನ ದಾರಿ ತೋರಿಸಿದ ಮನುಷ್ಯ, ಅದೇ ಎದೆಯ ಸದ್ದಿಗೆ ರಸ್ತೆಯ ಮೇಲೆ ಮಂಡಿಯೂರಿದ್ದರು. ಮದುವೆಯಾದಾಗಿನಿಂದ ನನ್ನನ್ನು ಯಾರೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಕೇಳಲಿ ಬಿಡು ಎನಿಸಿತು.

ಹಬ್ಬದ ಹೋಳಿಗೆ ಇವರಿಗೆ ರುಚಿಸಲಿಲ್ಲ. ಚಳ್ಳಕೆರೆಗೆ ವಾಪಸು ಬಂದವರೇ ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಬಳಿ ಹೋದರು. ಅವನು ಚಕ್ರ ತಿರುಗಿಸಿ ನೋಡಿ, "ಲೋಡ್ ಬಿದ್ರೆ ಬರ್ತೈತಾ ಸಾಬ್? ಹಂಗಾದ್ರೆ ಬೇರಿಂಗೇ ಖರಾಬ್," ಎಂದ. ಬೇರಿಂಗ್ ಬದಲಾಯಿತು. ಮುಂದಿನ ಸಲ ತವರಿಗೆ ಹೋಗುವಾಗ ಮತ್ತೆ ಕುಂಯ್. ಚೈನು ಬದಲಾಯಿತು, ಬ್ರೇಕ್ ಶೂ ಬದಲಾಯಿತು. ಎಲ್ಲಾ ಕಂಪನಿ ಮಾಲೇ, ಲೋಕಲ್ ಮಾಲು ಮುಟ್ಟುವ ಹಾಗಿಲ್ಲ. ಇವರೊಬ್ಬರೇ ಹೋದರೆ ಸದ್ದಿಲ್ಲ. ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡರೂ ಸದ್ದಿಲ್ಲ.

ಇವರು ಮಂಡಿಯಲ್ಲಿ ದಿನಾ ಶೇಂಗಾ ತೂಗಿಸುವವರು. ಒಂದು ಸಂಜೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಒಂದು ಚೀಲದ ಮ್ಯಾಲೆ ಸ್ವಲ್ಪ ಆಗ್ತೀಯಾ," ಎಂದು, ಅಷ್ಟೇ ತೂಕದ ಶೇಂಗಾ ಮೂಟೆಯನ್ನು ನನ್ನ ಜಾಗದಲ್ಲಿ ಹಗ್ಗ ಬಿಗಿದು ಕೂರಿಸಿಕೊಂಡು ಇಳಿಜಾರಿಗೆ ಹೋಗಿ ಬಂದರು. ಮೂಟೆಗೆ ಹಿಡಿದುಕೊಳ್ಳಲು ಹಗ್ಗವಾದರೂ ಇತ್ತು.

"ಚೀಲ ಕೂತ್ರೆ ಬರಲ್ಲ ಕಣೇ," ಎಂದು ಸಪ್ಪಗೆ ಹೇಳಿದರು.

"ಚೀಲ ಉಸಿರಾಡಲ್ಲ ನೋಡ್ರಿ."

"ಅದಲ್ಲ. ಚೀಲ ಅಲ್ಲಾಡಲ್ಲ. ನೀನು ಕೂತಲ್ಲಿ ಕೂರಲ್ಲ."

ಕೊನೆಗೆ ನನ್ನನ್ನೇ ಕೂರಿಸಿ ಮೆಕ್ಯಾನಿಕ್‌ಗೆ ಕೇಳಿಸುವುದೆಂದು ತೀರ್ಮಾನವಾಯಿತು. ಆಗ ಸುಗ್ಗಿಯ ಕಾಲ, ಬೆಳಗಿನಿಂದಲೇ ನನಗೆ ಸರಿಯಿರಲಿಲ್ಲ. ಊರ ಹೊರಗಿನ ಇಳಿಜಾರಿನಲ್ಲಿ ಇವರು ಇಂಜಿನ್ ಆಫ್ ಮಾಡಿದರು. ಪಕ್ಕದಲ್ಲೇ ಮೆಕ್ಯಾನಿಕ್ಕೂ ತನ್ನ ಮೊಪೆಡ್ ಆಫ್ ಮಾಡಿಕೊಂಡು ಕತ್ತು ಈ ಕಡೆ ಚಾಚಿ ಇಳಿಯುತ್ತಿದ್ದ.

"ಬಂತು ಸಾಬ್! ಜೋರಾಗೇ ಐತೆ!"

ಕೆಳಗೆ ಗಾಡಿ ನಿಂತಿತು. ನಾನು ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದೆ. ಒಳಗೆ ಹೋದ ಉಸಿರು ಹೊರಗೆ ಬರುತ್ತಿರಲಿಲ್ಲ. ಅಷ್ಟು ದಿನ ಒಳಗೊಳಗೇ ನಗುತ್ತಿದ್ದವಳಿಗೆ ಆಗ ನಿಜಕ್ಕೂ ಸಾವಿನ ಹೆದರಿಕೆಯಾಯಿತು. ಅವರಿಬ್ಬರೂ ನನಗೆ ಬೆನ್ನು ಹಾಕಿ ಹಿಂದಿನ ಚಕ್ರದ ಮುಂದೆ ಕೂತಿದ್ದರು.

"ಸಾಬ್," ಎಂದ ಮೆಕ್ಯಾನಿಕ್ ಮೆಲ್ಲಗೆ. "ಗಾಡಿ ನಿಂತೈತೆ. ಸದ್ದು ನಿಂತಿಲ್ಲ."

"ಅದು ಗಾಡೀದಲ್ಲ ಕಣ್ರೀ," ಎಂದೆ, ಏದುಸಿರಿನ ನಡುವೆ. "ನಂದು."

ಇವರು ನನ್ನನ್ನು ನೋಡಿದರು. ಚಕ್ರವನ್ನು ಎತ್ತಿ ಒಂದು ಸಲ ತಿರುಗಿಸಿದರು. ಸದ್ದಿಲ್ಲ. ಹಣೆಯ ಬೆವರು ಒರೆಸಿಕೊಂಡು, ಅಷ್ಟು ಉದ್ದದ ನಿಟ್ಟುಸಿರು ಬಿಟ್ಟರು.

"ಸದ್ಯ! ಗಾಡೀದಲ್ಲ."

ಕೂತಿದ್ದ ಕಲ್ಲನ್ನೇ ಎತ್ತಿ ಹಾಕುವಷ್ಟು ಸಿಟ್ಟು ಬಂತು. ಎತ್ತಲು ದಮ್ಮಿರಲಿಲ್ಲ. "ಮೊದ್ಲು ಅಕ್ಕನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ," ಎಂದು ಮೆಕ್ಯಾನಿಕ್ ಗದರಿದ ಮೇಲೆ ಇವರು ಕಿಕ್ ಹೊಡೆದರು. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಅದರಲ್ಲೇನೂ ದೂರಿಲ್ಲ. ಊರಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಉಸಿರು ಒಂದು ಹದಕ್ಕೆ ತಂದರು. ಮರುದಿನ ದುರ್ಗಕ್ಕೆ ಹೋದೆವು.

ಎದೆಯ ಡಾಕ್ಟರು ವಯಸ್ಸಾದವರು. ಎಲ್ಲರ ಹಾಗೆ ಅವರೂ ಹೆಂಗಸಿನ ಕಾಯಿಲೆಯನ್ನು ಗಂಡನನ್ನೇ ಕೇಳಿದರು.

"ಈ ಸದ್ದು ಯಾವಾಗ ಜಾಸ್ತಿ ಆಗುತ್ತೆ?"

ನಮ್ಮ ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತರು. ಈ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು.

"ಇಳಿಜಾರ್ನಾಗೆ ಸಾರ್. ಇಂಜಿನ್ ಆಫ್ ಇದ್ದಾಗ. ಅದೂ ಡಬಲ್ ಕೂತ್ರೆ ಮಾತ್ರ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಎಷ್ಟು ದಿನದಿಂದ ಇದೆಯಮ್ಮಾ?"

"ಮಗಳು ಎದೆಹಾಲು ಬಿಟ್ಟಾಗಿಂದ ಐತ್ರಿ," ಎಂದೆ. "ಈಗ ಅವ್ಳು ಮೂರನೇ ಕ್ಲಾಸು."