‘ಬಿಟ್ಬಿಡಿ’ ಮೇಷ್ಟ್ರು

ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗದವರ ಸಮಸ್ಯೆಯನ್ನೂ ಸಮೀಕರಣವಾಗಿಸಿ ಕಂಪ್ಯೂಟರಿಗೆ ಉಣಿಸುವ ಗಣಿತದ ಮೇಷ್ಟ್ರಿಗೆ ‘ಬಿಟ್ಬಿಡಿ’ ಎಂದೇ ಅಡ್ಡಹೆಸರು. ಸೇತುವೆಯ ಎಂಜಿನಿಯರು, “ಸಾರ್, ಮೇಲೆ ಪಾರಿವಾಳಗಳೂ ಕೂರ್ತವೆ” ಎಂದರೆ, ಕರಿಹಲಗೆಯಲ್ಲಿ ಬರೆದಿದ್ದ ಅವುಗಳ ತೂಕವನ್ನು ಅಂಗೈಯಲ್ಲೇ ಒರೆಸಿ, “ಚಿಕ್ಕದು, ಬಿಟ್ಬಿಡಿ” ಎನ್ನುತ್ತಾರೆ. ಮನೆಯಲ್ಲಿ ಹೆಂಡತಿ, “ಅಂಗಿಗೆ ಒಂದು ಗುಂಡಿ ಇಲ್ಲ ರೀ” ಎಂದರೆ, “ಆರರಲ್ಲಿ ಒಂದು ತಾನೆ, ಬಿಟ್ಬಿಡು.” “ಒಂದಿನ ನಿಮ್ಮನ್ನೇ ಬಿಟ್ಬಿಡ್ತೀನಿ” ಎಂದು ಆಕೆ ಗೊಣಗುತ್ತಲೇ ಸೂಜಿ ಹುಡುಕುತ್ತಾರೆ. ಮೊನ್ನೆ ಇದೇ ಮೇಷ್ಟ್ರ ಅಕ್ಕನಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ರಕ್ತದ ಹರಿವನ್ನು ಮೊದಲೇ ಲೆಕ್ಕಹಾಕಿಸಲು ಡಾಕ್ಟರು ಮೇಷ್ಟ್ರ ಕೋಣೆಗೇ ಬಂದು, “ಕವಾಟ ಒಂಚೂರು ಸೋರುತ್ತೆ, ಚಿಕ್ಕದು, ಬಿಟ್ಬಿಡೋಣ್ವಾ?” ಎಂದರು. ಅಭ್ಯಾಸಬಲದಿಂದ ಹಲಗೆಗೆ ಏರಿದ್ದ ಅಂಗೈ ಅಲ್ಲೇ ನಿಂತಿತು. “ಬೇಡ ಡಾಕ್ಟ್ರೇ, ಅದೂ ಲೆಕ್ಕದಲ್ಲಿರಲಿ” ಎಂದರು ಮೇಷ್ಟ್ರು. ಡಾಕ್ಟರು ಹೋದ ಮೇಲೆ ಸೇತುವೆಯ ಲೆಕ್ಕದ ಹಾಳೆ ತೆಗೆದು, ಪಾರಿವಾಳಗಳನ್ನೂ ಮತ್ತೆ ಸೇರಿಸಿದರು.